ಮೋಟಾರಿನ ತಂಪುವ್ಯವಸ್ಥೆಯ ಬಿಡಿಭಾಗಗಳು: ಅಸಲು, ಪ್ರತಿ ಮತ್ತು ಕೂಟ

ಕಾರಿನ ಎಂಜಿನು ಕಾಯ್ದು ನಿಂತಾಗ ದುರಸ್ತಿಯ ಮಿಸ್ತ್ರಿಯು ಅದರ ಒಡೆಯನಿಗೆ ಹಾಕುವ ಪ್ರಶ್ನೆ ನಮ್ಮ ಕೊಪ್ಪಳ ಸೀಮೆಯಲ್ಲಿ ಸಾಮಾನ್ಯವಾಗಿ ಒಂದೇ ಬಗೆಯದಾಗಿರುತ್ತದೆ: “ಕಂಪನೀದು ಹಾಕ್ಲೇನ್ರೀ ಸರ, ಲೋಕಲ್ ಹಾಕ್ಲೇನ್ರೀ?” ಈ ಪ್ರಶ್ನೆಗೆ ನಾವು ಕೊಡುವ ಉತ್ತರವು ಆ ದಿನದ ಜೇಬನ್ನು ಅವಲಂಬಿಸಿರುತ್ತದೆಯೇ ಹೊರತು ವಿಚಾರವನ್ನಲ್ಲ. ಆಧಾರಗಳ ಪ್ರಾಮಾಣ್ಯವನ್ನು ಪರೀಕ್ಷಿಸುವುದನ್ನೇ ವೃತ್ತಿಯಾಗಿ ಉಳ್ಳ ಇತಿಹಾಸದ ಅಧ್ಯಾಪಕರು ಸಹ ಇದರ ಮುಂದೆ ಎಷ್ಟು ನಿರಾಯುಧರಾಗಿ ನಿಲ್ಲುತ್ತಾರೆಂಬುದು ನನ್ನ ಸ್ವಂತ ಅನುಭವಕ್ಕೆ ಬಂದ ಸಂಗತಿ. ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯುಂಟೇ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ವಸ್ತುವೊಂದು ತಾನು ಏನೆಂದು ಹೇಳಿಕೊಳ್ಳುತ್ತದೆಯೋ ನಿಜವಾಗಿ ಅದೇ ಆಗಿದೆಯೇ ಎಂಬ ಪ್ರಶ್ನೆಯು ತಾಮ್ರಪಟಕ್ಕೂ ಥರ್ಮೋಸ್ಟ್ಯಾಟಿಗೂ ಸಮಾನವಾದುದರಿಂದ, ಉಂಟೆಂದೇ ನನ್ನ ಭಾವನೆ.

ಅಳವಂಡಿಯು ಕೊಪ್ಪಳ ಮತ್ತು ಮುಂಡರಗಿಗಳ ನಡುವಣ ಎರೆಭೂಮಿಯ ಊರು. ೧೯೪೮ರವರೆಗೆ ಅದು ನಿಜಾಮ ಸಂಸ್ಥಾನದ ಎಲ್ಲೆಯೊಳಗಿತ್ತು; ಮುಂಡರಗಿಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಅಳವಂಡಿ ಶಿವಮೂರ್ತಿಸ್ವಾಮಿಗಳು ಹೈದರಾಬಾದು ವಿಮೋಚನೆಯ ಹೋರಾಟಕ್ಕಾಗಿ ಶಿಬಿರ ಹೂಡಿದುದು ಆ ಗಡಿಯಾಚೆಯ ಮುಂಡರಗಿಯಲ್ಲಿಯೇ ಎಂಬುದು ವಿದಿತವಾದ ವಿಷಯ. ಇಂದು ಆ ಗಡಿ ಇಲ್ಲ. ಆದರೆ ವಾಹನ ಕೆಟ್ಟರೆ ಕಂಪೆನಿಯ ಅಧಿಕೃತ ಸೇವಾಕೇಂದ್ರಕ್ಕಾಗಿ ದೂರದ ಪಟ್ಟಣಗಳ ಕಡೆ ನೋಡಬೇಕಾದ ಸ್ಥಿತಿ ನಮ್ಮಂತಹ ಊರುಗಳಿಗೆ ಇದ್ದೇ ಇದೆ; ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ಬಿಸಿಲೂ ಇದೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಿನಲ್ಲಿ, ನನ್ನ ಹಳೆಯ ಕಾರಿನ ಥರ್ಮೋಸ್ಟ್ಯಾಟು ಕೆಟ್ಟಿತು. ಹೊಸದನ್ನು ಪಟ್ಟಣದ ಒಂದು ಅಂಗಡಿಯಿಂದ ನಾನೇ ೩೫೦ ರೂಪಾಯಿ ಕೊಟ್ಟು ತಂದೆ. ಡಬ್ಬಿಯ ಮೇಲೆ ಎಲ್ಲರೂ ಬಲ್ಲ ಕಂಪೆನಿಯ ಹೆಸರಿತ್ತು. ಬಿಲ್ಲು ಕೇಳಿದ್ದರೆ ತೆರಿಗೆ ಸೇರಿ ಬೆಲೆ ಏರುತ್ತದೆಂದು ಅಂಗಡಿಯವನು ಹೇಳಿದುದರಿಂದ ಕೇಳಲಿಲ್ಲ. ಊರಿನ ಮಿಸ್ತ್ರಿಯವರು ಅದನ್ನು ಅಳವಡಿಸಿದರು. ಮೂರು ವಾರ ಕಳೆಯುವುದರೊಳಗೆ, ಮಟಮಟ ಮಧ್ಯಾಹ್ನ, ರೋಗಿಯಾದ ನನ್ನ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ಉಷ್ಣತೆಯ ಮುಳ್ಳು ಕೆಂಪುಗೆರೆಯನ್ನು ಮುಟ್ಟಿತು. ನಾನು ಮೂಢತನದಿಂದ ಇನ್ನೂ ಎರಡು ಮೈಲಿ ಓಡಿಸಿದೆ. ಎಂಜಿನಿನ ತಲೆ—ಸಿಲಿಂಡರ್ ಹೆಡ್ಡು—ಸೊಟ್ಟಗಾಯಿತು, ಗ್ಯಾಸ್ಕೆಟ್ಟು ಸುಟ್ಟಿತು. ಹಾದಿಹೋಕರ ಟಂಟಂ ಗಾಡಿಯೊಂದರಲ್ಲಿ ತಂದೆಯವರು ಆಸ್ಪತ್ರೆ ಸೇರಿದರು. ನನ್ನ ಖರ್ಚು ೧೮,೦೦೦ ರೂಪಾಯಿ ದಾಟಿತು. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ದೋಷವನ್ನೆಲ್ಲ ನಾನು ಮಿಸ್ತ್ರಿಯವರ ಮೇಲೆ ಹೊರಿಸಿದೆ. “ನನ್ನ ಕೈ ತಪ್ಪಲ್ರೀ ಸರ, ಮಾಲಿನ ತಪ್ಪದು” ಎಂದು ಅವರು ಹೇಳಿದುದನ್ನು ನಾನು ನಂಬಲಿಲ್ಲ. ಕೂಲಿಯನ್ನೂ ಪೂರ್ತಿ ಕೊಡಲಿಲ್ಲ.

ಈ ಮಾತಿನ ನಿಜಾನಿಜವನ್ನು ನಿರ್ಣಯಿಸುವ ಮುನ್ನ ತಂಪುವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪದರಲ್ಲಿ ವಿವರಿಸುವುದು ಅವಶ್ಯ. ಉರಿದ ಇಂಧನದ ಶಾಖದಲ್ಲಿ ಚಕ್ರಗಳನ್ನು ತಿರುಗಿಸಲು ಒದಗುವುದು ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ; ಇನ್ನೊಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ; ಉಳಿದುದರ ಬಹುಭಾಗವನ್ನು ಎಂಜಿನಿನ ಗೋಡೆಗಳಿಂದ ಹೊತ್ತೊಯ್ಯುವ ಕೆಲಸ ನೀರಿನದು. ಮೊದಲ ಕಾರುಗಳಲ್ಲಿ ನೀರು ಕುದಿದು ಆವಿಯಾಗುತ್ತ ಹೋದಂತೆ ಮತ್ತೆ ತುಂಬಬೇಕಾಗಿತ್ತು. ವಿಲ್ಹೆಲ್ಮ್ ಮೇಬಾಕನು ೧೯೦೧ರ ಮರ್ಸಿಡಿಸ್ ಕಾರಿಗೆ ಜೇನುಹುಟ್ಟಿನಾಕಾರದ ರೇಡಿಯೇಟರನ್ನು ಅಳವಡಿಸಿದ ಮೇಲೆ ಸ್ವಲ್ಪ ನೀರಿನಿಂದಲೇ ಹೆಚ್ಚು ಶಾಖವನ್ನು ಗಾಳಿಗೆ ಬಿಡುವುದು ಸಾಧ್ಯವಾಯಿತು. ಫೋರ್ಡ್ ಕಂಪೆನಿಯ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲು ಪಂಪಿಲ್ಲದೆ, ಬಿಸಿನೀರು ಮೇಲೇರುವ ಸಹಜಧರ್ಮದಿಂದಲೇ ಸುತ್ತುತ್ತಿದ್ದವು. ಇಂದಿನ ಎಂಜಿನಿಗೆ ಅಷ್ಟು ಸಾಲದು. ಪಂಪು ನೀರನ್ನು ದೂಡುತ್ತದೆ. ಎಂಜಿನು ತಣ್ಣಗಿರುವಷ್ಟು ಹೊತ್ತು ಥರ್ಮೋಸ್ಟ್ಯಾಟು ಅದನ್ನು ರೇಡಿಯೇಟರಿಗೆ ಹೋಗಗೊಡದೆ ತಡೆದು, ನಿಯಮಿತ ಉಷ್ಣತೆ ಬಂದೊಡನೆ ಬಾಗಿಲು ತೆರೆಯುತ್ತದೆ. ರಬ್ಬರಿನ ಹೋಸುಗಳು ದಾರಿಯಾಗಿವೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಡುತ್ತದೆ. ಈ ಒತ್ತಡದ ಪ್ರಯೋಜನ ಚಿಕ್ಕದಲ್ಲ: ವಾತಾವರಣದ ಒತ್ತಡಕ್ಕಿಂತ ೦.೯ ಬಾರ್‌ನಷ್ಟು ಹೆಚ್ಚಾದರೆ ನೀರು ಕುದಿಯಲು ಸುಮಾರು ೧೧೮ ಡಿಗ್ರಿ ಸೆಲ್ಸಿಯಸ್ ಬೇಕಾಗುತ್ತದೆ.

ಅಂಬಾಸಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನು ಅಡಿಯಿಂದ ತಲೆಯವರೆಗೆ ಎರಕದ ಕಬ್ಬಿಣದ್ದು. ಕಾಯ್ದರೆ ಚಾಲಕನು ಮರದ ನೆರಳಿನಲ್ಲಿ ನಿಲ್ಲಿಸಿ, ಅದು ತಣಿಯುವವರೆಗೆ ಕಾದು, ನೀರು ತುಂಬಿ ಹೊರಡುತ್ತಿದ್ದನು. ಈಚಿನ ಎಂಜಿನುಗಳ ತಲೆಯು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು. ಈ ಲೋಹವು ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುವುದರಿಂದ, ಒಮ್ಮೆ ಮಿತಿಮೀರಿ ಕಾಯ್ದುದೇ ಅದು ಸೊಟ್ಟಗಾಗಲು ಸಾಕು. ಹಿಂದಿನವರ ಅನುಭವವನ್ನು ಇಂದಿನ ಕಾರಿಗೆ ಅನ್ವಯಿಸಬಾರದೆಂಬುದು ಇದರಿಂದ ಸ್ಪಷ್ಟ. ಬಿಡಿಭಾಗದ ಬೆಲೆಗೂ ಅದು ಕೆಟ್ಟರೆ ಆಗುವ ಹಾನಿಗೂ ಏನೇನೂ ಸಂಬಂಧವಿಲ್ಲವೆಂಬುದು ಸಹ ಇಲ್ಲಿಯೇ ಗೋಚರಿಸುತ್ತದೆ.

ಇನ್ನು ನನ್ನ ಥರ್ಮೋಸ್ಟ್ಯಾಟಿನ ವಿಷಯ. ಇದರೊಳಗೆ ಒಂದು ಪುಟ್ಟ ಗುಂಡಿಯಲ್ಲಿ ಮೇಣವಿರುತ್ತದೆ. ಅದು ಕರಗಿ ಹಿಗ್ಗಿದಾಗ ಕವಾಟವನ್ನು ದೂಡಿ ತೆರೆಯುತ್ತದೆ. ತೆರೆಯಬೇಕಾದ ಉಷ್ಣತೆಯನ್ನು ಲೋಹದ ಮೇಲೆಯೇ ಒತ್ತಿರುವುದು ವಾಡಿಕೆ. ನನ್ನದರ ಮೇಲೆ ೮೨ ಎಂದಿತ್ತು. ಘಟನೆ ನಡೆದು ತಿಂಗಳ ಮೇಲೆ, ರಸಾಯನಶಾಸ್ತ್ರ ವಿಭಾಗದ ಮಿತ್ರರಿಂದ ಉಷ್ಣತಾಮಾಪಕವೊಂದನ್ನು ಎರವಲು ತಂದು, ಅದನ್ನು ದಾರದಿಂದ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟೆ. ೮೨ರಲ್ಲಿ ಅದು ಅಲುಗಲಿಲ್ಲ; ೯೦ರಲ್ಲಿಯೂ ಇಲ್ಲ. ೯೫ ದಾಟಿದ ಮೇಲೆ ಕೂದಲೆಳೆಯಷ್ಟು ಸಂದು ಬಿಟ್ಟಿತು, ನೀರು ಕುದಿದರೂ ಅಷ್ಟಕ್ಕೇ ನಿಂತಿತು. ಕಾಯ್ದ ಎಂಜಿನಿನಲ್ಲಿಯೇ ಅದು ಕೆಟ್ಟಿರಬಹುದಲ್ಲವೇ ಎಂಬ ಆಕ್ಷೇಪಣೆಗೆ ಸಮಾಧಾನ ಬೇಕಾಗಿದ್ದುದರಿಂದ, ಅದೇ ಅಂಗಡಿಯಿಂದ ಅದೇ ಡಬ್ಬಿಯ ಇನ್ನೊಂದನ್ನು ತಂದು ಪರೀಕ್ಷಿಸಿದೆ. ಫಲ ಹೆಚ್ಚು ಭಿನ್ನವಾಗಿರಲಿಲ್ಲ. ಅಧಿಕೃತ ಮಾರಾಟಗಾರರಿಂದ ತಂದುದು ಮಾತ್ರ ೮೨–೮೩ರಲ್ಲಿ ತೆರೆಯತೊಡಗಿ ೯೫ರ ಹೊತ್ತಿಗೆ ಪೂರ್ತಿ ಬಾಯ್ದೆರೆಯಿತು. ಮಿಸ್ತ್ರಿಯವರ ಮಾತು ನಿಜವಾಗಿತ್ತು.

ಹಾಗಾದರೆ ಕಂಪೆನಿಯ ಭಾಗವೇ ಒಳ್ಳೆಯದು, ಉಳಿದುದೆಲ್ಲ ತ್ಯಾಜ್ಯವೆಂದು ತೀರ್ಮಾನಿಸಬಹುದೇ? ಇಲ್ಲಿಯೇ ನಮ್ಮ ಶಾಸ್ತ್ರದ ಒಂದು ಹಳೆಯ ವಿವಾದ ನೆರವಿಗೆ ಬರುತ್ತದೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಮಹಾಶಯರ ನಡುವೆ ನಡೆದ ದೀರ್ಘವಾದವನ್ನು ವಿದ್ಯಾರ್ಥಿಗಳು ಬಲ್ಲರು. ಶಕ ೧೬೯ರ ಕಾಲವನ್ನು ಹೇಳುವ ತಂಜಾವೂರಿನ ತಾಮ್ರಪಟದ ಲಿಪಿಯು ಬಹಳ ಈಚಿನದೆಂದು ತೋರಿಸಿ ಫ್ಲೀಟರು ಅದನ್ನು ಕೂಟಶಾಸನವೆಂದರು. ಇಂತಹ ಹಲವು ಪಟಗಳನ್ನು ರೈಸರು ಸಮರ್ಥಿಸಿದರು. ಕಾಲಾಂತರದಲ್ಲಿ ವಿದ್ವಾಂಸರು ಕಂಡುಕೊಂಡುದೇನೆಂದರೆ, ‘ಅಸಲು–ಕೂಟ’ ಎಂಬ ಎರಡೇ ಪಂಗಡಗಳು ಸಾಲವು. ಕಳೆದುಹೋದ ಮೂಲವನ್ನು ನೋಡಿ ಮುಂದಿನವರು ಪ್ರಾಮಾಣಿಕವಾಗಿ ಮತ್ತೆ ಬರೆಯಿಸಿದ ಪ್ರತಿಗಳೂ ಇರಬಹುದು. ಇಂತಹುದರ ಲಿಪಿ ಈಚಿನದು, ವಿಷಯ ಹಳೆಯದು. ಅದು ಪ್ರತಿಯೇ ಹೊರತು ಮೋಸವಲ್ಲ. ಗವಿಮಠದ ಅಶೋಕಶಾಸನದಂತಹ ಬಂಡೆಗಲ್ಲಿನ ಬರಹವು ತಾನಿದ್ದಲ್ಲಿಯೇ ಇರುವುದರಿಂದ ಅದರ ಬಗೆಗೆ ಈ ಸಂಶಯಗಳು ಕಡಮೆ. ಕೈಯಿಂದ ಕೈಗೆ ಸಾಗುವ ತಾಮ್ರಪಟದಲ್ಲಿ ಹೆಚ್ಚು. ಬಿಡಿಭಾಗವೂ ಕೈಯಿಂದ ಕೈಗೆ ಸಾಗುವ ವಸ್ತು.

ಅಂಗಡಿಯ ಭಾಷೆಯು ಈ ಮೂರನ್ನು ಬೆರೆಸಿಬಿಡುತ್ತದೆ. ತಹಶೀಲು ಕಚೇರಿಯಲ್ಲಿ ಪಹಣಿಯ ‘ನಕಲು’ ಕೇಳುವವನು ತಲೆ ತಗ್ಗಿಸಬೇಕಾಗಿಲ್ಲ. ಮೊಹರು ಬಿದ್ದ ನಕಲು ಮಾನ್ಯವಾದ ಕಾಗದ. ಅದೇ ಶಬ್ದ ಬಿಡಿಭಾಗದ ಪೇಟೆಗೆ ಬಂದೊಡನೆ ವಂಚನೆಯ ಅರ್ಥ ಪಡೆಯುತ್ತದೆ. ವಸ್ತುತಃ ಪೇಟೆಯಲ್ಲಿರುವ ಮಾಲು ಇಂತಿರುತ್ತದೆ: ಕಾರಿನ ಕಂಪೆನಿಯ ಡಬ್ಬಿಯಲ್ಲಿ ಬರುವುದು ಒಂದು. ಆ ಭಾಗವನ್ನು ಕಂಪೆನಿಗೆ ತಯಾರಿಸಿಕೊಡುವ ಕಾರಖಾನೆಯೇ ತನ್ನ ಹೆಸರಿನಲ್ಲಿ ಮಾರುವುದು ಇನ್ನೊಂದು. ಬೇರೊಬ್ಬ ತಯಾರಕನು ತನ್ನದೇ ಹೆಸರು ವಿಳಾಸಗಳೊಡನೆ, ಇಂತಹ ಕಾರಿಗೆ ಹೊಂದುತ್ತದೆಂದು ಹೇಳಿ ಮಾರುವುದು ಮೂರನೆಯದು. ‘ಲೋಕಲ್’ ಎಂದು ಇದನ್ನೇ ಕರೆಯತಕ್ಕದ್ದು, ಇದೇ ಪ್ರತಿ. ಪರರ ಹೆಸರು, ಪರರ ಡಬ್ಬಿ, ಪರರ ಮುದ್ರೆಯನ್ನು ಹಾಕಿಕೊಂಡು ಬರುವುದು ಮಾತ್ರ ಕೂಟ. ನಾನು ಕೊಂಡುದು ಕೂಟ. ಅದನ್ನು ‘ಲೋಕಲ್’ ಎಂದು ಕರೆದರೆ ಪ್ರಾಮಾಣಿಕ ತಯಾರಕನಿಗೆ ಅನ್ಯಾಯವಾಗುತ್ತದೆ. ಕಾಯಿದೆಯೂ ಈ ಭೇದವನ್ನು ಮಾನ್ಯಮಾಡಿದೆ. ೧೯೯೯ರ ವ್ಯಾಪಾರ ಚಿಹ್ನೆಗಳ ಕಾಯಿದೆಯು ತನ್ನ ಭಾಗವು ಯಾವ ಯಂತ್ರಕ್ಕೆ ಹೊಂದುತ್ತದೆಂದು ತಿಳಿಸಲು ಅಗತ್ಯವಾದಷ್ಟು ಮಟ್ಟಿಗೆ ಆ ಯಂತ್ರದ ಹೆಸರನ್ನು ಬಳಸುವುದನ್ನು ತಪ್ಪೆಂದು ಎಣಿಸುವುದಿಲ್ಲ. ಸುಳ್ಳು ಚಿಹ್ನೆ ಹಾಕುವವನಿಗಾದರೋ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆಮನೆಯನ್ನು ವಿಧಿಸುತ್ತದೆ.

‘ಕಂಪೆನಿಯದು’ ಎಂಬ ಮಾತನ್ನೂ ವಿಮರ್ಶಿಸದೆ ಬಿಡಲಾಗದು. ಕಾರು ಕಂಪೆನಿಗಳು ತಮ್ಮ ಬಿಡಿಭಾಗಗಳಲ್ಲಿ ಬಹಳಷ್ಟನ್ನು ತಾವೇ ತಯಾರಿಸುವುದಿಲ್ಲ. ನಮ್ಮ ಜಿಲ್ಲೆಯ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರಖಾನೆಯು (ಸ್ಥಾಪನೆ ೧೯೯೧) ಎರಕ ಹೊಯ್ಯುವ ಸಿಲಿಂಡರ್ ಬ್ಲಾಕು, ಹೆಡ್ಡು ಮುಂತಾದವು ಬೇರೆ ಬೇರೆ ಕಂಪೆನಿಗಳ ಹೆಸರು ಹೊತ್ತ ಟ್ರ್ಯಾಕ್ಟರು ಮತ್ತು ವಾಹನಗಳೊಳಗೆ ಸೇರುತ್ತವೆ. ಬೆಂಗಳೂರಿನ ಮೈಕೋ ಕಾರಖಾನೆಯ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗುಗಳು ಯಾವ ಲಾರಿ, ಯಾವ ಕಾರಿನಲ್ಲಿದ್ದರೂ ಜನ ಅವನ್ನು ಮೈಕೋ ಎಂದೇ ಗುರುತಿಸಿದರು. ರೇಡಿಯೇಟರಿನ ಕ್ಷೇತ್ರದಲ್ಲಿ ವಡೋದರದ ಬ್ಯಾಂಕೋ ಕಾರಖಾನೆಯು (೧೯೬೧) ವಾಹನ ತಯಾರಕರಿಗೂ ಒದಗಿಸುತ್ತದೆ, ಪೇಟೆಯಲ್ಲಿಯೂ ಮಾರುತ್ತದೆ. ಆದುದರಿಂದ ಕಂಪೆನಿಯ ಡಬ್ಬಿಗೆ ನಾವು ತೆರುವ ಹೆಚ್ಚಿನ ಬೆಲೆಯು ವಸ್ತುವಿನ ಬೆಲೆಯಲ್ಲ. ಯಾರೋ ಅದನ್ನು ಪರೀಕ್ಷಿಸಿ ಹೊಣೆ ಹೊತ್ತಿದ್ದಾರೆಂಬ ಭರವಸೆಯ ಬೆಲೆ.

ಆ ಭರವಸೆಗೆ ಎಷ್ಟು ಬೆಲೆ ನ್ಯಾಯವೆಂಬುದೇ ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು. ೨೦೧೧ರಲ್ಲಿ ಒಬ್ಬ ಗ್ರಾಹಕರು ಸಲ್ಲಿಸಿದ ದೂರಿನಿಂದ ಮೊದಲಾದ ವಿಚಾರಣೆಯ ಕೊನೆಗೆ, ೨೦೧೪ರ ಆಗಸ್ಟ್ ೨೫ರಂದು, ಭಾರತದ ಸ್ಪರ್ಧಾ ಆಯೋಗವು ೧೪ ಕಾರು ಕಂಪೆನಿಗಳಿಗೆ ಒಟ್ಟು ೨,೫೪೪ ಕೋಟಿ ರೂಪಾಯಿಗಳಿಗೂ ಮೀರಿದ ದಂಡ ವಿಧಿಸಿತು. ಅಸಲು ಭಾಗಗಳನ್ನು ತಮ್ಮ ಅಧಿಕೃತ ಕೇಂದ್ರಗಳ ಹೊರಗೆ ಸಿಗಗೊಡದಿರುವುದು, ಭಾಗಗಳನ್ನು ತಯಾರಿಸಿಕೊಡುವ ಕಾರಖಾನೆಗಳು ಅವನ್ನು ಪೇಟೆಯಲ್ಲಿ ನೇರವಾಗಿ ಮಾರದಂತೆ ಕಟ್ಟುಹಾಕುವುದು ಇವೆಲ್ಲ ಬಲದ ದುರುಪಯೋಗವೆಂದು ಆಯೋಗದ ಅಭಿಪ್ರಾಯ. ಹೊರಗೆ ಬಿಟ್ಟರೆ ಕೂಟ ಮಾಲು ಹೆಚ್ಚುತ್ತದೆ, ಸುರಕ್ಷತೆಗೆ ಧಕ್ಕೆ ಎಂಬ ವಾದವನ್ನು ಅದು ಒಪ್ಪಲಿಲ್ಲ. ಹೊರಗಿನ ಮಿಸ್ತ್ರಿಯ ಕೈಯಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವ ಷರತ್ತನ್ನು ಹಾಕಕೂಡದೆಂದೂ ಆಜ್ಞಾಪಿಸಿತು. ದಂಡದ ವಿಷಯ ಮೇಲ್ಮನವಿಗಳಿಗೆ ಹೋಯಿತು. ಅದು ನ್ಯಾಯಶಾಸ್ತ್ರದವರ ಕ್ಷೇತ್ರ. ನಮಗೆ ಮುಖ್ಯವಾದುದು ಬೇರೆ: ಅಸಲು ದುರ್ಲಭವಾದಲ್ಲಿಯೇ ಕೂಟ ಬೆಳೆಯುತ್ತದೆ. ಅಳವಂಡಿಯಂತಹ ಊರಿನ ಮಿಸ್ತ್ರಿಗೆ ಅಸಲು ಭಾಗವು ಕೈಗೆಟುಕುವಂತಿದ್ದರೆ, ಅವನ ಗಿರಾಕಿಯು ಪಟ್ಟಣದ ಅಂಗಡಿಯಲ್ಲಿ ಬಿಲ್ಲಿಲ್ಲದ ಡಬ್ಬಿಯನ್ನು ಹುಡುಕಿಕೊಂಡು ಹೋಗುವ ಪ್ರಸಂಗ ಕಡಮೆಯಾಗುತ್ತಿತ್ತು.

ಇನ್ನು ಆಯ್ಕೆಯ ವಿಚಾರ. ಎಲ್ಲ ಭಾಗಗಳಿಗೂ ಒಂದೇ ನಿಯಮ ಹೇಳುವುದು ಸರಿಯಲ್ಲ. ಥರ್ಮೋಸ್ಟ್ಯಾಟು ಮತ್ತು ರೇಡಿಯೇಟರಿನ ಮುಚ್ಚಳ—ಇವೆರಡೂ ಅಗ್ಗದ ವಸ್ತುಗಳು, ಕೆಟ್ಟರೆ ಎಂಜಿನನ್ನೇ ಬಲಿ ಕೇಳುವಂತಹವು. ಇವುಗಳಲ್ಲಿ ಉಳಿತಾಯ ಮಾಡುವುದು ಅವಿವೇಕ. ಕಂಪೆನಿಯದನ್ನೋ ಅದನ್ನು ತಯಾರಿಸುವ ಕಾರಖಾನೆಯದನ್ನೋ ಕೊಳ್ಳಬೇಕು. ಮುಚ್ಚಳದ ಮೇಲೆ ೦.೯ ಅಥವಾ ೧.೧ ಎಂದು ಒತ್ತಿರುವ ಅಂಕೆಯು ಹಳೆಯದರ ಅಂಕೆಯೇ ಆಗಿರಬೇಕು. ಕಡಮೆಯದನ್ನು ಹಾಕಿದರೆ ನೀರು ಬೇಗ ಕುದಿಯುತ್ತದೆ. ಹೆಚ್ಚಿನದು ‘ಗಟ್ಟಿ’ ಎಂದು ಹಾಕಿದರೆ ಹೋಸೋ ಪ್ಲಾಸ್ಟಿಕ್ಕಿನ ತೊಟ್ಟಿಯೋ ಒಡೆಯುತ್ತದೆ. ನೀರಿನ ಪಂಪಿನ ಮಾತು ಇನ್ನೂ ಸೂಕ್ಷ್ಮ. ಕೆಲವು ಎಂಜಿನುಗಳಲ್ಲಿ ಅದನ್ನು ತಿರುಗಿಸುವುದು ಟೈಮಿಂಗ್ ಬೆಲ್ಟು. ಅಲ್ಲಿ ಪಂಪು ಸಿಕ್ಕಿಕೊಂಡರೆ ಬೆಲ್ಟು ಹರಿದು ವಾಲ್ವುಗಳೂ ಮುರಿಯಬಹುದು. ಬಿಚ್ಚಿ ಜೋಡಿಸುವ ಕೂಲಿಯೇ ಪಂಪಿನ ಬೆಲೆಯನ್ನು ಮೀರುವಾಗ, ಅಗ್ಗದ ಪಂಪಿಗಾಗಿ ಎರಡು ಬಾರಿ ಕೂಲಿ ತೆರುವುದು ಯಾವ ಲೆಕ್ಕ?

ರೇಡಿಯೇಟರಿನಲ್ಲಿ ಮಾತ್ರ ಒಳ್ಳೆಯ ಪ್ರತಿಯನ್ನು ಧೈರ್ಯವಾಗಿ ಆರಿಸಬಹುದೆಂಬುದು ನನ್ನ ಅಭಿಪ್ರಾಯ. ಅದರ ಗುಣವು ಕಣ್ಣಿಗೆ ಕಾಣುವಂತಹದು: ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನಳಿಗೆಗಳ ಸಾಲುಗಳನ್ನು ಎಣಿಸಿ, ಒಂದು ಅಂಗುಲದಲ್ಲಿ ಎಷ್ಟು ರೆಕ್ಕೆಗಳಿವೆಯೆಂದು ನೋಡಿ, ಎರಡರ ತೂಕ ಹೋಲಿಸಿದರೆ ತಯಾರಕನು ಎಲ್ಲಿ ಲೋಹ ಉಳಿಸಿದ್ದಾನೆಂಬುದು ಹೊರಬೀಳುತ್ತದೆ. ತಾಮ್ರ–ಹಿತ್ತಾಳೆಗಳ ಹಳೆಯ ರೇಡಿಯೇಟರನ್ನು ಬೆಸುಗೆ ಹಾಕಿ, ಒಳಗಿನ ಜಾಲರಿಯನ್ನೇ ಬದಲಿಸಿ ವರ್ಷಗಟ್ಟಲೆ ಬಳಸುತ್ತಿದ್ದರು. ಪ್ಲಾಸ್ಟಿಕ್ಕಿನ ತೊಟ್ಟಿಯುಳ್ಳ ಈಗಿನ ಅಲ್ಯೂಮಿನಿಯಮ್ ರೇಡಿಯೇಟರಿಗೆ ಆ ಭಾಗ್ಯವಿಲ್ಲ. ಹೋಸುಗಳು ಅಚ್ಚಿನಲ್ಲಿ ಬಾಗಿದವಾಗಿರಬೇಕು, ನಡುವೆ ನೂಲಿನ ಹೆಣಿಗೆಯಿರಬೇಕು. ನೇರ ಪೈಪನ್ನು ಬಗ್ಗಿಸಿ ಕೂಡಿಸಿದರೆ ಮಡಿಕೆ ಬಿದ್ದು ನೀರು ಕಟ್ಟುತ್ತದೆ. ಕ್ಲಿಪ್ಪು, ಹೆಚ್ಚುವರಿ ನೀರಿನ ಬಾಟಲಿ ಇಂತಹವುಗಳಿಗೆ ಕಂಪೆನಿಯ ಬೆಲೆ ತೆರುವುದು ಅನಾವಶ್ಯಕ.

ಭಾಗಗಳ ಬಗೆಗೆ ಇಷ್ಟು ಚರ್ಚಿಸುವ ನಾವು ಒಳಗೆ ಹೊಯ್ಯುವ ನೀರನ್ನು ಮರೆಯುವುದು ವಿಚಿತ್ರ. ನಮ್ಮ ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಯ ನೀರು ಗಡುಸು. ಕುಷ್ಟಗಿ, ಯಲಬುರ್ಗಿಗಳ ಕಡೆ ಫ್ಲೋರೈಡಿನ ಬಾಧೆಯೂ ಪ್ರಸಿದ್ಧ. ಬಚ್ಚಲುಮನೆಯ ಹಂಡೆಯ ಒಳಗೆ ಕಟ್ಟುವ ಬಿಳಿಯ ಹಕ್ಕಳೆ ಎಲ್ಲರೂ ಕಂಡುದೇ. ಕಾಯ್ದ ಎಂಜಿನಿನ ಒಳಗೋಡೆಯ ಮೇಲೂ, ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿಯೂ ಅದೇ ಹಕ್ಕಳೆ ಕಟ್ಟಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಎಷ್ಟೇ ಅಸಲಾದ ರೇಡಿಯೇಟರಾದರೂ ಬೋರಿನ ನೀರಿಗೆ ಸಿಕ್ಕರೆ ಬಹುಕಾಲ ಬಾಳದು. ಎಥಿಲೀನ್ ಗ್ಲೈಕಾಲ್ ಹಾಗೂ ತುಕ್ಕುನಿರೋಧಕಗಳು ಸೇರಿದ ಕೂಲಂಟನ್ನು, ವಾಹನದ ಕೈಪಿಡಿ ಹೇಳಿದ ಪ್ರಮಾಣದಲ್ಲಿ, ಬಟ್ಟಿಯಿಳಿಸಿದ ನೀರಿನೊಡನೆ ಬೆರೆಸಬೇಕು. ಹಿಮ ಬೀಳದ ನಾಡಿಗೆ ಇದೇಕೆ ಎಂದು ಕೇಳುವವರುಂಟು. ಕುದಿಬಿಂದುವನ್ನು ಏರಿಸುವುದಕ್ಕೂ ಅಲ್ಯೂಮಿನಿಯಮ್ಮು ಸವೆಯದಂತೆ ಕಾಯುವುದಕ್ಕೂ ಅದು ಬೇಕು. ಬಣ್ಣವನ್ನು ನಂಬಬಾರದು, ಹಸಿರು, ಕೆಂಪು, ನೀಲಿಗಳೆಲ್ಲ ತಯಾರಕರು ಬೆರೆಸಿದ ಬಣ್ಣಗಳೇ, ಜಾತಿಯ ಗುರುತುಗಳಲ್ಲ. ಇಲ್ಲಿಯೂ ಬಣ್ಣದ ನೀರನ್ನೇ ಕೂಲಂಟೆಂದು ಮಾರುವ ಕೂಟಗಳಿವೆ. ಡಬ್ಬಿಯ ಮೇಲೆ ಐ.ಎಸ್. ೫೭೫೯ ಎಂಬ ಭಾರತೀಯ ಮಾನಕದ ಉಲ್ಲೇಖವನ್ನೂ ತಯಾರಕನ ವಿಳಾಸವನ್ನೂ ನೋಡುವುದು ಒಳ್ಳೆಯದು. ಗ್ಲೈಕಾಲು ಸಿಹಿಯಾದ ವಿಷವಾದುದರಿಂದ ಮಕ್ಕಳು, ನಾಯಿ, ದನಗಳಿಗೆ ಎಟುಕುವಲ್ಲಿ ಚೆಲ್ಲಬಾರದು.

ಕೂಟವನ್ನು ಗುರುತಿಸುವ ಬಗೆ ಶಾಸನಪರೀಕ್ಷೆಯಿಂದ ದೂರವಾದುದಲ್ಲ. ಹೊರಗಿನ ಲಕ್ಷಣ ನೋಡಬೇಕು: ಅಕ್ಷರಗಳ ಅಚ್ಚು ಮಸುಕಾಗಿದೆಯೇ, ಕಂಪೆನಿಯ ಹೆಸರಿನಲ್ಲಿಯೇ ಕಾಗುಣಿತ ತಪ್ಪಿದೆಯೇ, ಭಾಗದ ಸಂಖ್ಯೆ ಡಬ್ಬಿಯಲ್ಲೂ ವಸ್ತುವಿನ ಮೇಲೂ ಒಂದೇ ಆಗಿದೆಯೇ. ೨೦೧೧ರ ನಿಯಮಗಳ ಪ್ರಕಾರ ಕಟ್ಟಿ ಮಾರುವ ವಸ್ತುವಿನ ಮೇಲೆ ತಯಾರಕ ಅಥವಾ ಕಟ್ಟಿದವನ ವಿಳಾಸ, ಗರಿಷ್ಠ ಮಾರಾಟ ಬೆಲೆಗಳಿರಬೇಕು. ಇಲ್ಲವಾದರೆ ಅದೇ ಒಂದು ಸಾಕ್ಷ್ಯ. ಆಮೇಲೆ ಒಳಗಿನ ಲಕ್ಷಣ: ಥರ್ಮೋಸ್ಟ್ಯಾಟಾದರೆ ಬಿಸಿನೀರು, ರೇಡಿಯೇಟರಾದರೆ ತಕ್ಕಡಿ. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲಿಂದ ಬಂದಿತೆಂಬ ಪರಂಪರೆಯ ದಾಖಲೆಯಾದ ಬಿಲ್ಲು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಕೂಟ ಸರಕಿನ ಮಾರಾಟಗಾರನನ್ನು ಶಿಕ್ಷಾರ್ಹನನ್ನಾಗಿ ಮಾಡಿದೆ. ಆದರೆ ಕೊಂಡುದಕ್ಕೇ ಆಧಾರವಿಲ್ಲದವನು ಯಾರ ಮೇಲೆ ದೂರು ಕೊಡಬೇಕು? ತೆರಿಗೆಯ ಕೆಲವು ರೂಪಾಯಿಗಳ ಆಸೆಗೆ ನಾನು ಬಿಟ್ಟುಕೊಟ್ಟುದು ಈ ಹಕ್ಕನ್ನೇ. ಆ ಅಂಗಡಿಯವನ ಬಳಿ ಮತ್ತೆ ಹೋದಾಗ, “ನಮ್ಮಲ್ಲಿ ತಗೊಂಡಿದ್ದು ಅನ್ನೂಕ ಏನ್ ದಾಖಲೆ ಐತ್ರಿ?” ಎಂದು ಅವನು ಕೇಳಿದ ಪ್ರಶ್ನೆಗೆ ಇತಿಹಾಸದ ಅಧ್ಯಾಪಕನಾದ ನನ್ನಲ್ಲಿ ಉತ್ತರವಿರಲಿಲ್ಲ.

ಪಾತ್ರೆಯ ಪರೀಕ್ಷೆ ಮುಗಿದ ಮರುದಿನವೇ ಎರಡು ಥರ್ಮೋಸ್ಟ್ಯಾಟುಗಳನ್ನೂ ಬಾಕಿ ಕೂಲಿಯನ್ನೂ ಹಿಡಿದು ಮಿಸ್ತ್ರಿಯವರ ಗ್ಯಾರೇಜಿಗೆ ಹೋದೆ. ನಡೆದುದನ್ನು ಹೇಳಿ ತಪ್ಪೊಪ್ಪಿಕೊಂಡೆ. ಅವರು ಹಣ ಎಣಿಸದೆ ಜೇಬಿಗಿಟ್ಟು, “ಆ ನೀರು ಕಾಸೂದು ಹೆಂಗ ಮಾಡಿದ್ರಿ, ಒಂದ್ಸಲ ತೋರಸ್ರಿ ಸರ” ಎಂದರು. ಅಲ್ಲಿಯ ಸ್ಟೋವಿನ ಮೇಲೆ ತೋರಿಸಿದೆ. ಈಗ ಅವರು ಗಿರಾಕಿ ತಂದ ಥರ್ಮೋಸ್ಟ್ಯಾಟು ಯಾವುದೇ ಇರಲಿ, ಅವನ ಎದುರಿನಲ್ಲಿಯೇ ಚಹದ ಪಾತ್ರೆಯಲ್ಲಿ ಕಾಸಿ ನೋಡಿದ ಮೇಲೆಯೇ ಎಂಜಿನಿಗೆ ಹಾಕುತ್ತಾರೆ. ಚಹಕ್ಕೆ ಬೇರೆ ಪಾತ್ರೆ ತಂದುಕೊಂಡಿದ್ದಾರೆ.